ಮುದ್ದು ಕೃಷ್ಣನನ್ನು ಯಾರಾದರೂ ಕೇಳಿದ್ದೀರಾ?

(ಪ್ರೌಢಶಾಲೆಯೊಂದರ ಪೋಷಕರ ಸಭೆಯಲ್ಲಿ ಆಡಿದ ಮಾತುಗಳು ಇವು. ಬರಹಕ್ಕೆ ಇಳಿಸುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಮಾತು ಮುಗಿದ ಮೇಲೆ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಹೆಡ್‌ಮಾಸ್ಟರು ನನ್ನನ್ನು ಕರೆದಾಗ, "ಮಕ್ಕಳು ಫೋನಲ್ಲಿ ಏನೇನೋ ಹಾಕ್ತಾರೆ ಮೇಡಂ, ಬಂದು ಸ್ವಲ್ಪ ಬುದ್ಧಿ ಹೇಳಿ" ಅಂದರು. ಮಕ್ಕಳಿಗೆ ಆಮೇಲೆ ಹೇಳೋಣ, ಮೊದಲು ಅಪ್ಪ ಅಮ್ಮಂದಿರನ್ನು ಕೂರಿಸಿ ಅಂದೆ. ಅದಕ್ಕೇ ಇವತ್ತು ನೀವು ಬೆಂಚಿನ ಮೇಲಿದ್ದೀರಿ, ಮಕ್ಕಳು ಹೊರಗೆ ಕಬಡ್ಡಿ ಆಡುತ್ತಿದ್ದಾರೆ. ನಾನು ತಾಲ್ಲೂಕು ಕೋರ್ಟಿನಲ್ಲಿ ವಕೀಲಿ ಮಾಡುವವಳು. ಹಾಗಾಗಿ ಮಧ್ಯೆ ಮಧ್ಯೆ ಕಾನೂನಿನ ಮಾತು ಬರುತ್ತದೆ, ಸಹಿಸಿಕೊಳ್ಳಿ.

ಜನ್ಮಾಷ್ಟಮಿ ಹತ್ತಿರ ಬಂತೆಂದರೆ ಫೇಸ್‌ಬುಕ್‌ನಲ್ಲಿ 'ಮುದ್ದು ಕೃಷ್ಣ' ಫೋಟೋ ಸ್ಪರ್ಧೆಗಳು ಶುರುವಾಗುತ್ತವೆ. ಇಲ್ಲಿ ಕೂತಿರುವ ಎಷ್ಟೋ ಜನ ಮಗುವಿಗೆ ಪಂಚೆ ಉಡಿಸಿ, ತಲೆಗೆ ನವಿಲುಗರಿ ಸಿಕ್ಕಿಸಿ, ಕೈಗೆ ಕೊಳಲು ಕೊಟ್ಟು, ಪಕ್ಕದಲ್ಲಿ ಬೆಣ್ಣೆ ಗಡಿಗೆ ಇಟ್ಟು ಫೋಟೋ ತೆಗೆದಿರುತ್ತೀರಿ. ತೆಗೆಯಬೇಕಾದ ಫೋಟೋವೇ. ಆದರೆ ಸ್ಪರ್ಧೆಗೆ ಕಳಿಸುವಾಗ ಅದರ ಜೊತೆ ಏನೇನು ಬರೆದು ಕಳಿಸುತ್ತೀರಿ? ಮಗುವಿನ ಹೆಸರು, ವಯಸ್ಸು, ಅಪ್ಪನ ಹೆಸರು, ಅಮ್ಮನ ಹೆಸರು, ಊರು, ಮೊಬೈಲ್ ನಂಬರು. ಮೊಬೈಲ್ ನಂಬರೊಂದನ್ನು ಬಿಟ್ಟು ಉಳಿದದ್ದೆಲ್ಲ ಫೋಟೋದ ಕೆಳಗೆ ಅಚ್ಚಾಗುತ್ತದೆ. ಹೆಚ್ಚು ಲೈಕ್ ಬಂದವರಿಗೆ ಬಹುಮಾನ ಎಂದ ಮೇಲೆ ಕೇಳಬೇಕೇ? ಲಿಂಕನ್ನು ಆಫೀಸಿನ ಗುಂಪಿಗೆ, ಅಪಾರ್ಟ್‌ಮೆಂಟಿನ ಗುಂಪಿಗೆ, ಹತ್ತು ವರ್ಷದಿಂದ ಮುಖ ನೋಡದ ಕಾಲೇಜು ಗೆಳೆಯರ ಗುಂಪಿಗೆ ಕಳಿಸಿ, "ದಯವಿಟ್ಟು ನಮ್ಮ ಪುಟಾಣಿಗೆ ಒಂದು ಲೈಕ್ ಕೊಡಿ" ಎಂದು ಕೇಳುತ್ತೇವೆ. ಅವರೂ ಮುಂದಕ್ಕೆ ಕಳಿಸುತ್ತಾರೆ. ಬಹುಮಾನ ಒಂದು ಸ್ಟೀಲ್ ಡಬ್ಬ.

ಅಲ್ಲಿಂದ ಮುಂದಕ್ಕೆ ಲೆಕ್ಕ ಹಾಕಿ. ಪ್ರತಿ ವರ್ಷ ಹುಟ್ಟುಹಬ್ಬದ ದಿನ ಕೇಕ್ ಕತ್ತರಿಸುವ ಫೋಟೋ. ಕೇಕಿನ ಮೇಲೆ ವಯಸ್ಸೂ ಇರುತ್ತದೆ, ಹಾಗಾಗಿ ಹುಟ್ಟಿದ ತಾರೀಖು ಇಸವಿ ಸಮೇತ ಸಿಕ್ಕಿತು. ಜೂನ್ ತಿಂಗಳಲ್ಲಿ ಹೊಸ ಯೂನಿಫಾರ್ಮಿನ ಫೋಟೋ, ಅದರಲ್ಲಿ ಶಾಲೆಯ ಲಾಂಛನ, ಕೊರಳಲ್ಲಿ ಐಡಿ ಕಾರ್ಡು. ಭರತನಾಟ್ಯ ಕ್ಲಾಸಿನಿಂದ ಲೈವ್. ಗೃಹಪ್ರವೇಶದ ಫೋಟೋದಲ್ಲಿ ಗೇಟು, ಮನೆ ನಂಬರು. ಎಸ್ಸೆಸ್ಸೆಲ್ಸಿಗೆ ಬಂದಾಗ ಹಾಲ್ ಟಿಕೆಟ್ಟಿನ ಫೋಟೋಗೆ 'ಆಲ್ ದಿ ಬೆಸ್ಟ್ ಕಂದ' ಎಂದು ಬರೆದು ಸ್ಟೇಟಸ್ಸಿಗೆ. ನಮ್ಮ ರಾಜ್ಯದಲ್ಲಿ ಎಸ್ಸೆಸ್ಸೆಲ್ಸಿ ಫಲಿತಾಂಶ ನೋಡಲು ಬೇಕಾದದ್ದು ಎರಡೇ: ರಿಜಿಸ್ಟರ್ ನಂಬರು, ಹುಟ್ಟಿದ ತಾರೀಖು. ಎರಡನ್ನೂ ನಾವೇ ಹಂಚಿಯಾಗಿದೆ. ಫಲಿತಾಂಶದ ದಿನ ಮಗ ಇನ್ನೂ ಧೈರ್ಯ ಮಾಡಿ ವೆಬ್‌ಸೈಟ್ ತೆರೆಯುವ ಮೊದಲೇ ದೂರದ ಸೋದರಮಾವ ಫೋನ್ ಮಾಡಿ, "ಯಾಕೋ ಗಣಿತದಲ್ಲಿ ಇಷ್ಟೇ?" ಎಂದು ಕೇಳುವುದು ಹೇಗೆ ಎಂದು ಈಗ ಗೊತ್ತಾಯಿತಲ್ಲ.

ಮಗು ತನ್ನದೇ ಇನ್‌ಸ್ಟಾಗ್ರಾಂ ಖಾತೆ ತೆರೆಯುವ ಹೊತ್ತಿಗೆ ಅದರ ಬಗ್ಗೆ ಒಂದು ದಪ್ಪ ಫೈಲು ಆಗಲೇ ತಯಾರಾಗಿರುತ್ತದೆ. ಅದರ ಒಂದು ಹಾಳೆಯನ್ನೂ ಮಗು ಹಾಕಿದ್ದಲ್ಲ. ಅಪ್ಪ ಅಮ್ಮ, ಚಿಕ್ಕಮ್ಮ, ಅತ್ತೆ, ಶಾಲೆ, ಟ್ಯೂಷನ್ನಿನವರು ಎಲ್ಲ ಸೇರಿ ಹಾಕಿದ್ದು. ಹೀಗಿರುವಾಗ ಒಂಬತ್ತನೇ ಕ್ಲಾಸಿನ ಹುಡುಗಿಯನ್ನು ಕೂರಿಸಿಕೊಂಡು "ನಿನ್ನ ವಿವರ ಯಾರಿಗೂ ಕೊಡಬೇಡ" ಎಂದು ಹೇಳಿದರೆ ಅವಳು ನಗುತ್ತಾಳೆ. ನಗಬೇಕಾದ್ದೇ.

ಇದರಿಂದ ಏನು ನಷ್ಟ, ನೋಡುವವರು ನಮ್ಮ ನೆಂಟರೇ ಅಲ್ಲವೇ ಎಂದು ನೀವು ಕೇಳಬಹುದು. ಹೆಚ್ಚಿನವರು ನೆಂಟರೇ, ಒಪ್ಪುತ್ತೇನೆ. ನಿಮ್ಮನ್ನು ಹೆದರಿಸಿ ಕಳಿಸುವುದಕ್ಕೆ ನಾನು ಬಂದಿಲ್ಲ. ಆದರೆ ಇತ್ತೀಚಿನ ವರ್ಷಗಳಲ್ಲಿ ಒಂದು ಬಗೆಯ ಮೋಸದ ಕರೆ ದೇಶದ ತುಂಬ ಓಡಾಡುತ್ತಿದೆ. ಪೊಲೀಸ್ ಅಧಿಕಾರಿಯ ದನಿಯಲ್ಲಿ ಒಬ್ಬ ಮಾತಾಡುತ್ತಾನೆ: "ನಿಮ್ಮ ಮಗ ನಮ್ಮ ವಶದಲ್ಲಿದ್ದಾನೆ, ಕೇಸು ಆಗಬಾರದು ಅಂದರೆ ಈಗಲೇ ಹಣ ಹಾಕಿ." ಹಿಂದಿನಿಂದ ಮಗು ಅಳುವ ಸದ್ದು. ಬರೀ "ನಿಮ್ಮ ಮಗ" ಎಂದರೆ ನಾವು ಅನುಮಾನ ಪಡುತ್ತೇವೆ. ಹೆಸರು, ಶಾಲೆ, ಕ್ಲಾಸು, ಟ್ಯೂಷನ್ನಿನ ಸಮಯ ಎಲ್ಲ ಸರಿಯಾಗಿ ಹೇಳಿದರೆ ಕೈಕಾಲು ತಣ್ಣಗಾಗುತ್ತದೆ. ಆ ವಿವರಗಳನ್ನು ಅವನು ಕಷ್ಟಪಟ್ಟು ಹುಡುಕಬೇಕಾಗಿಲ್ಲ. ಬೇರೆ ಬೇರೆ ದಿನ, ಬೇರೆ ಬೇರೆ ಕಡೆ, ಒಂದೊಂದಾಗಿ ನೋಡಿದರೆ ನಿರುಪದ್ರವಿ ಎನಿಸುವ ತುಣುಕುಗಳು ಅವು. ಒಟ್ಟು ಸೇರಿದಾಗ ಮಾತ್ರ ಹಲ್ಲು ಮೂಡುತ್ತದೆ.

ಈಗ ಮಕ್ಕಳ ಕಡೆಗೆ ಬರೋಣ. ಅವರಿಗೆ ಏನೂ ಗೊತ್ತಿಲ್ಲ ಎನ್ನುವ ಭ್ರಮೆ ನಮಗಿದೆ. ಅಸರ್ ಎನ್ನುವ ಶಿಕ್ಷಣ ಸಮೀಕ್ಷೆ 2024ರಲ್ಲಿ ಗ್ರಾಮೀಣ ಭಾರತದ 14ರಿಂದ 16 ವರ್ಷದ ಮಕ್ಕಳನ್ನು ಕೇಳಿದಾಗ, ಶೇಕಡ 82ಕ್ಕೂ ಹೆಚ್ಚು ಮಕ್ಕಳು ಸ್ಮಾರ್ಟ್‌ಫೋನ್ ಬಳಸಲು ಬರುತ್ತದೆ ಎಂದರು. ಅವರಲ್ಲಿ ಹಿಂದಿನ ವಾರ ಓದಿಗಾಗಿ ಫೋನ್ ಬಳಸಿದವರು ಶೇಕಡ 57, ಸೋಷಿಯಲ್ ಮೀಡಿಯಾಕ್ಕೆ ಬಳಸಿದವರು ಶೇಕಡ 76. ಹೀಗೆ ಬಳಸುವವರಲ್ಲಿ ಶೇಕಡ 62 ಮಕ್ಕಳಿಗೆ ಒಂದು ಖಾತೆಯನ್ನು ಬ್ಲಾಕ್ ಅಥವಾ ರಿಪೋರ್ಟ್ ಮಾಡುವುದು ಗೊತ್ತಿತ್ತು. ತಮ್ಮ ಪ್ರೊಫೈಲನ್ನು ಪ್ರೈವೇಟ್ ಮಾಡಿಕೊಳ್ಳಲು ಬಲ್ಲವರು ಶೇಕಡ 55. ಅಂದರೆ ಹೆಚ್ಚುಕಡಿಮೆ ಅರ್ಧದಷ್ಟು ಮಕ್ಕಳಿಗೆ ಗೊತ್ತಿಲ್ಲ, ಅದು ದೊಡ್ಡ ಸಂಖ್ಯೆಯೇ. ಆದರೂ ನಿಮ್ಮಲ್ಲಿ ಎಷ್ಟು ಜನರಿಗೆ ಇದು ಬರುತ್ತದೆ, ಕೈ ಎತ್ತಿ ನೋಡೋಣ? ... ಸರಿ, ಮುಂದೆ ಹೋಗೋಣ.

ಸೆಟ್ಟಿಂಗ್ಸ್ ಕಲಿಸಿಬಿಟ್ಟರೆ ಸಮಸ್ಯೆ ಮುಗಿಯಿತು ಎಂದು ನಂಬಿದವರಿಗೆ ನಾನು ಐರ್ಲೆಂಡಿನ ಒಂದು ಪ್ರಕರಣ ಹೇಳುತ್ತೇನೆ. 2022ರ ಸೆಪ್ಟೆಂಬರಿನಲ್ಲಿ ಅಲ್ಲಿನ ದತ್ತಾಂಶ ರಕ್ಷಣಾ ಆಯೋಗ ಇನ್‌ಸ್ಟಾಗ್ರಾಂಗೆ 40.5 ಕೋಟಿ ಯೂರೋ ದಂಡ ಹಾಕಿತು. ಕಾರಣ ಕೇಳಿ. ಹದಿಮೂರರಿಂದ ಹದಿನೇಳು ವರ್ಷದ ಮಕ್ಕಳು ತಮ್ಮ ಸಾಧಾರಣ ಖಾತೆಗಳನ್ನು ಬಿಸಿನೆಸ್ ಖಾತೆಗಳಾಗಿ ಬದಲಾಯಿಸಿಕೊಂಡಿದ್ದರು. ಆ ಬಗೆಯ ಖಾತೆಯಲ್ಲಿ ಎಷ್ಟು ಜನ ನೋಡಿದರು, ಯಾವ ಹೊತ್ತಿನಲ್ಲಿ ನೋಡಿದರು ಎನ್ನುವ ಅಂಕಿ-ಅಂಶ ಸಿಗುತ್ತದಲ್ಲ, ಅದಕ್ಕಾಗಿ. ಅಂಗಡಿ ಎಂದ ಮೇಲೆ ಗಿರಾಕಿಗೆ ಫೋನ್ ನಂಬರು ಕಾಣಬೇಡವೇ? ಮಕ್ಕಳ ಫೋನ್ ನಂಬರು, ಇಮೇಲು ಎಲ್ಲರಿಗೂ ಕಾಣುವಂತಾಯಿತು. ಇದು ಸೆಟ್ಟಿಂಗ್ಸ್ ಬಾರದ ಮಕ್ಕಳಿಂದ ಆದ ಎಡವಟ್ಟಲ್ಲ, ನೀವು ಗಮನಿಸಿ. ಚೆನ್ನಾಗಿ ಬರುತ್ತಿದ್ದ ಮಕ್ಕಳೇ ಬಾಗಿಲು ತೆರೆದದ್ದು. ನಾಲ್ಕು ಜನ ನನ್ನನ್ನು ನೋಡಬೇಕು ಎನ್ನುವ ಆಸೆ ಹದಿನಾಲ್ಕರ ವಯಸ್ಸಿಗೆ ಸಹಜ. ಆ ಆಸೆಯನ್ನು ಬೈದು ಓಡಿಸಲು ಆಗುವುದಿಲ್ಲ. ಅದನ್ನು ಬಳಸಿಕೊಳ್ಳುವಂತೆ ಆ್ಯಪ್ ಕಟ್ಟಿದವರಿಗೆ ದಂಡ ಬಿದ್ದದ್ದು ನ್ಯಾಯವೇ.

ಖಾತೆ ತೆರೆಯಲು ಹದಿಮೂರು ತುಂಬಿರಬೇಕು ಎನ್ನುತ್ತಾರಲ್ಲ, ಆ ಅಂಕಿ ಎಲ್ಲಿಂದ ಬಂತು ಗೊತ್ತೇ? ಮಕ್ಕಳ ಮನಶ್ಶಾಸ್ತ್ರದಿಂದ ಬಂದದ್ದೆಂದು ಬಹಳ ಜನ ತಿಳಿದಿದ್ದಾರೆ. ಅದು ಬಂದದ್ದು 1998ರಲ್ಲಿ ಅಮೆರಿಕ ಮಾಡಿದ ಒಂದು ಕಾನೂನಿನಿಂದ. ಹದಿಮೂರಕ್ಕಿಂತ ಚಿಕ್ಕ ಮಕ್ಕಳ ವಿವರ ಕಲೆಹಾಕಬೇಕಾದರೆ ಪೋಷಕರ ಒಪ್ಪಿಗೆ ಬೇಕು ಎಂದು ಅದು ಹೇಳಿತು. ಕಂಪನಿಗಳು ಆ ರಗಳೆಯೇ ಬೇಡವೆಂದು ಹದಿಮೂರಕ್ಕಿಂತ ಕೆಳಗಿನವರಿಗೆ ಪ್ರವೇಶವಿಲ್ಲ ಎಂದು ಬರೆದುಕೊಂಡವು. ಮಕ್ಕಳು ಹುಟ್ಟಿದ ಇಸವಿ ಬದಲಿಸಿಕೊಂಡು ಒಳಗೆ ಹೋದರು. ನಮ್ಮ ಮನೆಗಳಲ್ಲಂತೂ ಹತ್ತು ವರ್ಷದ ಮಗುವಿಗೆ "2000 ಅಂತ ಹಾಕು ಸಾಕು" ಎಂದು ಹೇಳಿಕೊಟ್ಟವರು ಅಪ್ಪಂದಿರೇ.

ಈ ಚಿಕ್ಕ ಸುಳ್ಳಿನ ಪರಿಣಾಮ ದೊಡ್ಡದು. 2024ರ ಸೆಪ್ಟೆಂಬರಿನಲ್ಲಿ ಇನ್‌ಸ್ಟಾಗ್ರಾಂ ಹದಿಹರೆಯದವರಿಗೆ ಬೇರೆಯೇ ಬಗೆಯ ಖಾತೆ ಶುರು ಮಾಡಿತು. 2025ರ ಫೆಬ್ರವರಿಯಲ್ಲಿ ಅದು ಭಾರತಕ್ಕೂ ಬಂತು. ಆ ಖಾತೆ ತಾನಾಗಿಯೇ ಪ್ರೈವೇಟ್ ಆಗಿರುತ್ತದೆ, ಪರಿಚಯವಿಲ್ಲದವರು ಮೆಸೇಜ್ ಕಳಿಸಲು ಆಗುವುದಿಲ್ಲ, ಹದಿನಾರಕ್ಕಿಂತ ಚಿಕ್ಕವರು ಈ ಬಿಗಿಯನ್ನು ಸಡಿಲಿಸಬೇಕಾದರೆ ಪೋಷಕರ ಅನುಮತಿ ಬೇಕು. ಆದರೆ 2000ದಲ್ಲಿ ಹುಟ್ಟಿದ್ದೇನೆ ಎಂದು ಬರೆದಿರುವ ಹದಿಮೂರರ ಹುಡುಗ ಆ ಆ್ಯಪಿನ ಲೆಕ್ಕದಲ್ಲಿ ಮದುವೆಗೆ ಬಂದ ಗಂಡು. ಅವನಿಗೆ ಈ ರಕ್ಷಣೆ ಒಂದೂ ಸಿಗುವುದಿಲ್ಲ. ಬರುವ ಜಾಹೀರಾತೂ ದೊಡ್ಡವರದ್ದೇ. ಇವತ್ತು ಮನೆಗೆ ಹೋಗಿ ಮಾಡಬೇಕಾದ ಕೆಲಸ ಒಂದೇ ಒಂದು ಹೇಳಿ ಎಂದರೆ ನಾನು ಹೇಳುವುದು ಇದನ್ನೇ: ಮಗುವಿನ ಖಾತೆಯಲ್ಲಿ ಹುಟ್ಟಿದ ಇಸವಿ ಸರಿ ಮಾಡಿಸಿ.

ಕಾನೂನು ಏನು ಹೇಳುತ್ತದೆ? ಇಲ್ಲಿ ನಮ್ಮ ರಾಜ್ಯದವರು ಹೆಮ್ಮೆ ಪಡಬಹುದಾದ ಒಂದು ಹೆಸರಿದೆ. ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಾಧೀಶರು. 2012ರಲ್ಲಿ, ತಮ್ಮ 86ನೇ ವಯಸ್ಸಿನಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. ಆ ವಯಸ್ಸಿನಲ್ಲಿ ನಾವು ಮೊಮ್ಮಕ್ಕಳ ಫೋಟೋಗೆ ಲೈಕ್ ಒತ್ತುತ್ತ ಕೂತಿರುತ್ತೇವೋ ಏನೋ. ಆ ಪ್ರಕರಣದಲ್ಲಿ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಹೇಳಿತು. ಆ ತೀರ್ಪಿನಲ್ಲಿ ನ್ಯಾಯಮೂರ್ತಿ ಸಂಜಯ್ ಕಿಶನ್ ಕೌಲ್ ಅವರು ಬರೆದ ಭಾಗದಲ್ಲಿ ಮಕ್ಕಳ ಮಾತು ಪ್ರತ್ಯೇಕವಾಗಿ ಬರುತ್ತದೆ. ಚಿಕ್ಕಂದಿನಲ್ಲಿ ತಿಳಿಯದೆ ಮಾಡಿದ್ದರ ಗುರುತು ಅಂತರ್ಜಾಲದಲ್ಲಿ ಅಳಿಯದೆ ಉಳಿದು, ಅದರ ಫಲವನ್ನು ಮಕ್ಕಳು ಜೀವನವಿಡೀ ಉಣ್ಣುವಂತಾಗಬಾರದು, ಅವರ ಖಾಸಗಿತನಕ್ಕೆ ವಿಶೇಷ ರಕ್ಷಣೆ ಬೇಕು ಎನ್ನುವುದು ಅವರ ಅಭಿಪ್ರಾಯದ ಸಾರ. ಪುಟ್ಟಸ್ವಾಮಿಯವರು 2024ರಲ್ಲಿ ತೀರಿಕೊಂಡರು.

ಆ ತೀರ್ಪಿನ ಬೆನ್ನಲ್ಲಿ ಬಂದದ್ದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ. ಅದರ ಪ್ರಕಾರ ಹದಿನೆಂಟು ತುಂಬದವರೆಲ್ಲ ಮಕ್ಕಳೇ. ಮಕ್ಕಳ ವಿವರ ಬಳಸಬೇಕಾದರೆ ಪೋಷಕರ ಒಪ್ಪಿಗೆ ಬೇಕು, ಆ ಒಪ್ಪಿಗೆ ನಿಜವಾದದ್ದೇ ಎಂದು ಕಂಪನಿ ಪರಿಶೀಲಿಸಬೇಕು. ಮಕ್ಕಳ ಚಲನವಲನದ ಜಾಡು ಹಿಡಿಯುವುದು, ಅವರನ್ನೇ ಗುರಿಯಾಗಿಸಿ ಜಾಹೀರಾತು ತೋರಿಸುವುದು ನಿಷಿದ್ಧ. ತಪ್ಪಿದರೆ 200 ಕೋಟಿ ರೂಪಾಯಿವರೆಗೆ ದಂಡ. ನಿಯಮಗಳು ಪ್ರಕಟವಾದದ್ದು 2025ರ ನವೆಂಬರಿನಲ್ಲಿ. ಮುಖ್ಯ ಭಾಗಗಳ ಜಾರಿಗೆ ಅಲ್ಲಿಂದ ಹದಿನೆಂಟು ತಿಂಗಳ ಕಾಲಾವಕಾಶ ಕೊಟ್ಟಿದ್ದಾರೆ. ಕಾಗದದ ಮೇಲೆ ಚೆನ್ನಾಗಿದೆ. ಆದರೆ ಒಂದು ಮನೆಗೆ ಒಂದೇ ಸ್ಮಾರ್ಟ್‌ಫೋನ್ ಇರುವ, ಅದು ಸಂಜೆಯಿಂದ ಮಗನ ಕೈಯಲ್ಲೇ ಇರುವ ಊರು ನಮ್ಮದು. ಅಪ್ಪನ ಒಪ್ಪಿಗೆಗೆ ಬಂದ ಓಟಿಪಿಯನ್ನು ಓದುವವನು ಯಾರು? ಆಸ್ಟ್ರೇಲಿಯ ಇನ್ನೊಂದು ದಾರಿ ಹಿಡಿದಿದೆ. 2025ರ ಡಿಸೆಂಬರ್ 10ರಿಂದ ಅಲ್ಲಿ ಹದಿನಾರು ತುಂಬದವರು ಪ್ರಮುಖ ಜಾಲತಾಣಗಳಲ್ಲಿ ಖಾತೆ ಇಟ್ಟುಕೊಳ್ಳುವ ಹಾಗಿಲ್ಲ. ನಮ್ಮಲ್ಲೂ ಹಾಗೇ ಮಾಡಬೇಕೆನ್ನುವ ಕೂಗಿದೆ. ನನಗೇನೋ ಅದರಲ್ಲಿ ಹೆಚ್ಚು ನಂಬಿಕೆಯಿಲ್ಲ. ಇಸವಿ ತಿದ್ದಲು ಕಲಿತ ಮಕ್ಕಳು ಅದನ್ನೂ ದಾಟುತ್ತಾರೆ.

ನಮ್ಮ ಕಾನೂನು ಪೋಷಕರ ಕೈಗೆ ಬೀಗದ ಕೈ ಕೊಡುತ್ತದೆ. ಪೋಷಕರೇ ಬಾಗಿಲು ತೆರೆದಿಟ್ಟರೆ? ಆ ಪ್ರಶ್ನೆ ಎತ್ತಿಕೊಂಡದ್ದು ಫ್ರಾನ್ಸ್. 2024ರ ಫೆಬ್ರವರಿಯಲ್ಲಿ ಅಲ್ಲಿ ಬಂದ ಕಾನೂನು, ಮಗುವಿನ ಚಿತ್ರದ ಮೇಲಿನ ಹಕ್ಕನ್ನು ಅಪ್ಪ ಅಮ್ಮ ಇಬ್ಬರೂ ಸೇರಿ ಕಾಯಬೇಕು, ಅದರ ವಯಸ್ಸಿಗೆ ತಕ್ಕಂತೆ ಮಗುವನ್ನೂ ಕೇಳಬೇಕು ಎನ್ನುತ್ತದೆ. ನಮ್ಮಲ್ಲಿ ಅಂಥದ್ದಿಲ್ಲ. ನಮಗೆ ಕಾನೂನು ಬೇಕಾಗಿಯೂ ಇಲ್ಲ, ಇದು ಮನೆಯೊಳಗಿನ ಮಾತು.

ಕೇಳಿ ನೋಡಿ. ಐದು ವರ್ಷದ ಮಗುವಿಗೂ "ಈ ಫೋಟೋ ಅಜ್ಜಿಗೆ ಕಳಿಸ್ಲಾ?" ಎಂದು ಕೇಳಬಹುದು. "ಬೇಡ" ಎಂದರೆ ಕಳಿಸಬೇಡಿ. ನಿಜವಾಗಿಯೂ ಕಳಿಸಬೇಡಿ. ಬೇಡ ಎಂದ ಮೇಲೂ ನಗುತ್ತ ಕಳಿಸಿಬಿಟ್ಟರೆ ಮಗು ಕಲಿಯುವುದು ಒಂದೇ: ನನ್ನ ಮೈ, ನನ್ನ ಮುಖದ ವಿಚಾರದಲ್ಲಿ ನನ್ನ ಮಾತಿಗೆ ಬೆಲೆಯಿಲ್ಲ, ಪ್ರೀತಿಸುವವರು ಕೇಳಬೇಕಾಗಿಲ್ಲ. ಅದೇ ಮಗುವಿಗೆ ಹದಿನೈದಾದಾಗ ಒಬ್ಬ ಹುಡುಗ, "ನನ್ನ ಮೇಲೆ ಪ್ರೀತಿ ಇದ್ದರೆ ಒಂದು ಫೋಟೋ ಕಳಿಸು" ಎನ್ನುತ್ತಾನೆ. ಆಗ "ಬೇಡ" ಎನ್ನುವ ಅಭ್ಯಾಸ ಎಲ್ಲಿಂದ ಬರಬೇಕು? ಅಮ್ಮನ ಮುಂದೆ ಬೇಡ ಎಂದು ಹೇಳಿ ಗೆದ್ದ ಹುಡುಗಿಗೆ ಅವನ ಮುಂದೆ ಹೇಳುವುದು ಸುಲಭ. ಇವತ್ತು ನಾನು ಹೇಳಬೇಕೆಂದು ಬಂದದ್ದೇ ಇದು, ಉಳಿದದ್ದೆಲ್ಲ ಇದರ ಸುತ್ತಮುತ್ತಲಿನ ವಿವರ.

ಆ ವಿವರಗಳಲ್ಲಿ ಕೆಲವು ಬೇಗ ಹೇಳಿಬಿಡುತ್ತೇನೆ. ಫೋನಿನ ಕ್ಯಾಮೆರಾದಲ್ಲಿ ಲೊಕೇಶನ್ ಆನ್ ಇದ್ದರೆ ತೆಗೆದ ಜಾಗ ಫೋಟೋದ ಒಳಗೇ ದಾಖಲಾಗುತ್ತದೆ. ವಾಟ್ಸಾಪ್‌ನಲ್ಲಿ ಫೋಟೋ ಆಗಿ ಕಳಿಸಿದರೆ ಆ ಮಾಹಿತಿ ಕಳಚಿಹೋಗುತ್ತದೆ. ಕ್ವಾಲಿಟಿ ಕೆಡಬಾರದೆಂದು ಡಾಕ್ಯುಮೆಂಟ್ ಆಗಿ ಕಳಿಸಿದರೆ ಹಾಗೇ ಹೋಗುತ್ತದೆ. ಕ್ಯಾಮೆರಾದ ಸೆಟ್ಟಿಂಗ್ಸಿನಲ್ಲೇ ಅದನ್ನು ಆರಿಸಿಬಿಡಿ. ಸ್ನ್ಯಾಪ್‌ಚಾಟ್‌ನಲ್ಲಿ ಸ್ನೇಹಿತರು ಎಲ್ಲಿದ್ದಾರೆಂದು ತೋರಿಸುವ ನಕ್ಷೆಯಿದೆ, ಅದರಲ್ಲಿ ಘೋಸ್ಟ್ ಮೋಡ್ ಹಾಕಿದರೆ ಕಾಣುವುದಿಲ್ಲ. ವಾಟ್ಸಾಪ್‌ನಲ್ಲಿ ಪ್ರೊಫೈಲ್ ಫೋಟೋ ಯಾರು ನೋಡಬಹುದು, ಯಾರು ಗುಂಪಿಗೆ ಸೇರಿಸಬಹುದು ಎನ್ನುವುದನ್ನು 'ಮೈ ಕಾಂಟ್ಯಾಕ್ಟ್ಸ್' ಮಾಡಿ. ಯಾವುದೇ ಜಾಗದಿಂದ ಫೋಟೋ ಹಾಕುವುದಿದ್ದರೂ ಅಲ್ಲಿಂದ ಹೊರಟ ಮೇಲೆ ಹಾಕುವುದು ಕ್ಷೇಮ.

ಮಕ್ಕಳ ಲೋಕದಲ್ಲಿ ಪಾಸ್‌ವರ್ಡ್ ಹಂಚಿಕೊಳ್ಳುವುದು ಸ್ನೇಹದ ಗುರುತು. "ನನ್ನ ಮೇಲೆ ನಂಬಿಕೆ ಇಲ್ವಾ?" ಎಂದು ಬೆಸ್ಟ್ ಫ್ರೆಂಡ್ ಕೇಳಿದರೆ ಕೊಡದೆ ಇರುವುದು ಕಷ್ಟ. ಮೂರು ತಿಂಗಳ ಮೇಲೆ ಜಗಳವಾಗುತ್ತದೆ, ಪಾಸ್‌ವರ್ಡ್ ಆ ಕಡೆಯೇ ಉಳಿದಿರುತ್ತದೆ. ಇದಕ್ಕೆ ಉಪದೇಶ ಮಾಡುವ ಬದಲು, ಖಾತೆ ಯಾವ ಯಾವ ಫೋನಿನಲ್ಲಿ ತೆರೆದಿದೆ ಎಂದು ತೋರಿಸುವ ಪಟ್ಟಿಯನ್ನೂ ವಾಟ್ಸಾಪ್‌ನ 'ಲಿಂಕ್ಡ್ ಡಿವೈಸಸ್' ಅನ್ನೂ ಆಗಾಗ ನೋಡಿಕೊಳ್ಳಲು ಕಲಿಸಿ. "ಪಾಸ್‌ವರ್ಡ್ ಅಮ್ಮ ಬದಲಾಯಿಸಿಬಿಟ್ಟಳು ಕಣೇ" ಎನ್ನುವ ನೆಪವನ್ನೂ ಬಳಸಿಕೊಳ್ಳಲಿ, ನೀವು ಕೆಟ್ಟವರಾಗಿ ಪರವಾಗಿಲ್ಲ.

ಇನ್ನೊಂದು ಆಟವಿದೆ, ನಾನು ಹೋದ ಶಾಲೆಗಳಲ್ಲಿ ಮಕ್ಕಳು ಇದನ್ನು ಬಹಳ ಇಷ್ಟಪಡುತ್ತಾರೆ. ನಿಮ್ಮ ಫೇಸ್‌ಬುಕ್ ಪುಟವನ್ನು ಮಗಳ ಕೈಗೆ ಕೊಡಿ. "ನೀನು ಒಬ್ಬ ಕಳ್ಳ ಅಂದುಕೋ. ಇದನ್ನು ನೋಡಿ ನಮ್ಮ ಮನೆ ಬಗ್ಗೆ ಏನೇನು ಗೊತ್ತಾಗುತ್ತೆ ಬರಿ" ಎನ್ನಿ. ಅಪ್ಪ ಅಮ್ಮನ ತಪ್ಪು ಹಿಡಿಯುವ ಅವಕಾಶ ಸಿಕ್ಕರೆ ಯಾವ ಮಗು ಬಿಡುತ್ತದೆ? ತಿರುಪತಿಗೆ ಹೋದಾಗ ಮನೆಗೆ ಬೀಗ ಹಾಕಿದ್ದು, ಕೊಂಡ ಹೊಸ ಸ್ಕೂಟರಿನ ನಂಬರು, ತಮ್ಮನ ಶಾಲೆ ಎಲ್ಲ ಪಟ್ಟಿಯಾಗಿ ಬರುತ್ತದೆ. ನೀವು ಒಂದು ಮಾತೂ ಉಪದೇಶ ಮಾಡಬೇಕಿಲ್ಲ. ಅರ್ಧ ಗಂಟೆಯ ಮೇಲೆ ಅವಳೇ ತನ್ನ ಖಾತೆ ತೆರೆದು ನೋಡಿಕೊಳ್ಳುತ್ತಾಳೆ.

ಈ ಶಾಲೆಯ ಮೇಷ್ಟ್ರುಗಳಿಗೂ ಒಂದು ಮಾತು, ಬೇಸರ ಮಾಡಿಕೊಳ್ಳಬೇಡಿ. ದಾನಿಗಳು ಬಂದು ನೋಟ್‌ಬುಕ್ಕು, ಬ್ಯಾಗು, ಸ್ವೆಟರು ಕೊಡುತ್ತಾರೆ. ಮಗು ಕೈ ಚಾಚಿ ತೆಗೆದುಕೊಳ್ಳುವ ಫೋಟೋ, ಅದರ ಮೇಲೆ 'ಬಡ ಮಕ್ಕಳಿಗೆ ವಿತರಣೆ' ಎನ್ನುವ ಬ್ಯಾನರು, ಅದು ದಾನಿಯ ಪುಟದಲ್ಲೂ ಶಾಲೆಯ ಪುಟದಲ್ಲೂ ಪತ್ರಿಕೆಯಲ್ಲೂ. ಉಳ್ಳವರ ಮಕ್ಕಳಿಗೆ ಅಪ್ಪ ನೋಟ್‌ಬುಕ್ ಕೊಡಿಸಿದ್ದು ಯಾರಿಗೂ ಕಾಣುವುದಿಲ್ಲ. ಇಲ್ಲದವರ ಮಗು ಎರಡು ನೂರು ರೂಪಾಯಿಯ ನೋಟ್‌ಬುಕ್ಕಿಗೆ ತನ್ನ ಮನೆಯ ಬಡತನವನ್ನು ಊರಿಗೆಲ್ಲ ತೋರಿಸಬೇಕು. ನೋಟ್‌ಬುಕ್ಕಿನ ರಾಶಿಯ ಫೋಟೋ ತೆಗೆಯಿರಿ, ದಾನಿಯ ಫೋಟೋ ತೆಗೆಯಿರಿ. ಮಗುವಿನ ಮುಖ ಬಿಡಿ. ಇದಕ್ಕೆ ಒಪ್ಪದ ದಾನಿ ಬಂದದ್ದು ಫೋಟೋಗಾಗಿ.

ಈಗ ಕಷ್ಟದ ಭಾಗ. ಮಗುವಿನ ಖಾಸಗಿತನವನ್ನು ಯಾರಿಂದ ಕಾಪಾಡಬೇಕು ಎಂದರೆ ನಾವು ಹೊರಗಿನವರ ಕಡೆ ಬೆರಳು ತೋರಿಸುತ್ತೇವೆ. ಮಗುವನ್ನು ಕೇಳಿದರೆ ಬೇರೆ ಉತ್ತರ ಬರಬಹುದು. ನಮ್ಮ ಕಡೆ ಹುಡುಗಿಯ ಫೋನನ್ನು ಅಪ್ಪ ನೋಡುತ್ತಾನೆ, ಅಮ್ಮ ನೋಡುತ್ತಾಳೆ, ಅವಳಿಗಿಂತ ಎರಡೇ ವರ್ಷ ದೊಡ್ಡವನಾದ ಅಣ್ಣನೂ ನೋಡುತ್ತಾನೆ. ಅಣ್ಣನ ಫೋನನ್ನು ಯಾರೂ ನೋಡುವುದಿಲ್ಲ. ಎಂಟು ವರ್ಷದ ಮಗುವಿನ ಫೋನ್ ನೋಡುವುದು ಬಿಡಿ, ಅದಕ್ಕೆ ಸ್ವಂತ ಫೋನೇ ಬೇಡ. ಹದಿನೈದರ ಮಗಳ ಫೋನಿಗೆ ಅವಳಿಗೆ ತಿಳಿಯದಂತೆ ಗೂಢಚಾರಿ ಆ್ಯಪ್ ಹಾಕುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. ಅವಳಿಗೆ ಗೊತ್ತಾಗಿಯೇ ಆಗುತ್ತದೆ. ಆಮೇಲೆ ನಿಮಗೆ ತೋರಿಸಲಿಕ್ಕೆ ಒಂದು ಖಾತೆ, ಗೆಳತಿಯರಿಗೆ ಇನ್ನೊಂದು. ನಿಮಗೆ ಕಾಣುವ ಖಾತೆಯಲ್ಲಿ ಶ್ಲೋಕ, ಸೂರ್ಯೋದಯ.

ನೋಡುವುದಿದ್ದರೆ ಹೇಳಿ ನೋಡಿ, ಪಕ್ಕದಲ್ಲಿ ಕೂತು ನೋಡಿ, ಏನನ್ನು ನೋಡುವುದಿಲ್ಲ ಎಂದೂ ಮೊದಲೇ ಒಪ್ಪಿಕೊಳ್ಳಿ. ಅದಕ್ಕಿಂತ ಮುಖ್ಯವಾದ ಒಂದು ಮಾತು ಕೊಡಿ: "ಏನಾದರೂ ಎಡವಟ್ಟಾದರೆ ನನಗೆ ಹೇಳು, ಹೇಳಿದ್ದಕ್ಕೆ ಫೋನ್ ಕಿತ್ತುಕೊಳ್ಳುವುದಿಲ್ಲ, ಸ್ಕೂಲು ಬಿಡಿಸುವುದಿಲ್ಲ." ಫೋಟೋ ಇಟ್ಟುಕೊಂಡು ಮಕ್ಕಳನ್ನು ಬೆದರಿಸುವವರ ಬಾಯಲ್ಲಿ ಬರುವ ಮೊದಲ ಮಾತು ಯಾವುದು ಗೊತ್ತೇ? "ನಿಮ್ಮಪ್ಪನಿಗೆ ಕಳಿಸ್ತೀನಿ." ಅವನ ಕೈಯಲ್ಲಿರುವ ಆಯುಧ ನಿಮ್ಮ ಸಿಟ್ಟು. ಅಪ್ಪನಿಗೆ ಆಗಲೇ ಗೊತ್ತು ಎಂದಾದ ದಿನ ಅವನ ಕೈ ಖಾಲಿ.

ಹಾಗೆ ಮಗು ಬಂದು ಹೇಳಿದರೆ ಏನು ಮಾಡಬೇಕು? ಮೊದಲು ಬಾಯಿ ಮುಚ್ಚಿಕೊಂಡು ಪೂರ್ತಿ ಕೇಳಿ. ಹಣ ಕೊಡಬೇಡಿ, ಕೊಟ್ಟರೆ ಮತ್ತೆ ಕೇಳುತ್ತಾನೆ. ಗಾಬರಿಯಲ್ಲಿ ಚಾಟ್ ಅಳಿಸಬೇಡಿ. ಬೆದರಿಕೆಯ ಮೆಸೇಜು, ಆ ಖಾತೆಯ ಹೆಸರು, ಲಿಂಕು ಎಲ್ಲ ಉಳಿಸಿಕೊಂಡು ಆಮೇಲೆ ರಿಪೋರ್ಟ್ ಮಾಡಿ, ಬ್ಲಾಕ್ ಮಾಡಿ. ಆದರೆ ಆ ಫೋಟೋವನ್ನು "ನೋಡಿ ಇದು" ಎಂದು ನೆಂಟರಿಗೆ, ಪರಿಚಯದ ಮುಖಂಡರಿಗೆ ಕಳಿಸಲೇಬೇಡಿ. ಮಗುವಿನ ಅಶ್ಲೀಲ ಚಿತ್ರವನ್ನು ಕಳಿಸುವುದೇ ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ಬಿ ಪ್ರಕಾರ ಅಪರಾಧ. ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್ ಜಾಲತಾಣದಲ್ಲಿ ದೂರು ಕೊಡಬಹುದು, ಮಕ್ಕಳಿಗೆ ಸಂಬಂಧಿಸಿದ್ದನ್ನು ಹೆಸರು ಹೇಳದೆಯೂ ಕೊಡಬಹುದು. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಮಕ್ಕಳ ಸಹಾಯವಾಣಿ 1098. ನಮ್ಮ ಜಿಲ್ಲೆಗಳಲ್ಲಿ ಸೆನ್ ಪೊಲೀಸ್ ಠಾಣೆಗಳಿವೆ, ಸೈಬರ್ ದೂರುಗಳು ಅವರ ಕೆಲಸವೇ.

'ಟೇಕ್ ಇಟ್ ಡೌನ್' ಎನ್ನುವ ಒಂದು ಉಚಿತ ಸೇವೆಯಿದೆ, ಅಮೆರಿಕದಲ್ಲಿ ಕಾಣೆಯಾದ ಮತ್ತು ಶೋಷಣೆಗೆ ಒಳಗಾದ ಮಕ್ಕಳಿಗಾಗಿ ಕೆಲಸ ಮಾಡುವ ಸಂಸ್ಥೆ 2023ರಲ್ಲಿ ಶುರು ಮಾಡಿದ್ದು. ಹದಿನೆಂಟಕ್ಕಿಂತ ಮೊದಲು ತೆಗೆದ ನಗ್ನ ಅಥವಾ ಅಶ್ಲೀಲ ಚಿತ್ರವಾಗಿದ್ದರೆ ಯಾವ ದೇಶದವರೂ ಬಳಸಬಹುದು. ಅದು ಕೆಲಸ ಮಾಡುವ ಬಗೆ ನೋಡಿ: ಚಿತ್ರ ನಿಮ್ಮ ಫೋನು ಬಿಟ್ಟು ಹೋಗುವುದಿಲ್ಲ. ಫೋನಿನಲ್ಲೇ ಆ ಚಿತ್ರಕ್ಕೆ ಅಕ್ಷರ-ಅಂಕಿಗಳ ಒಂದು ಗುರುತು ತಯಾರಾಗುತ್ತದೆ, ಆ ಗುರುತು ಮಾತ್ರ ಫೇಸ್‌ಬುಕ್, ಇನ್‌ಸ್ಟಾಗ್ರಾಂ ಮೊದಲಾದ ಸೇರಿಕೊಂಡಿರುವ ಕಂಪನಿಗಳಿಗೆ ಹೋಗುತ್ತದೆ. ಅದೇ ಗುರುತಿನ ಚಿತ್ರ ತಮ್ಮಲ್ಲಿ ಕಂಡರೆ ಅವರು ತೆಗೆಯುತ್ತಾರೆ.

ಪೊಲೀಸರ ಬಳಿ ಹೋದರೆ ಊರಿಗೆಲ್ಲ ಗೊತ್ತಾಗುತ್ತದೆ ಎನ್ನುವ ಹೆದರಿಕೆಯೇ ಬಹಳ ಮನೆಗಳನ್ನು ಕಟ್ಟಿಹಾಕುವುದು. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಪಾಡಲು ಬಂದ 2012ರ ಪೋಕ್ಸೊ ಕಾಯ್ದೆ ಇದನ್ನು ಯೋಚಿಸಿಯೇ ಬರೆದದ್ದು. ಮಗುವಿನ ಹೇಳಿಕೆಯನ್ನು ಅದರ ಮನೆಯಲ್ಲೋ ಅದು ಬಯಸಿದ ಜಾಗದಲ್ಲೋ ಪಡೆಯಬೇಕು, ಸಾಧ್ಯವಾದಷ್ಟು ಮಹಿಳಾ ಅಧಿಕಾರಿಯೇ ಪಡೆಯಬೇಕು, ಯೂನಿಫಾರ್ಮಿನಲ್ಲಿ ಬರಬಾರದು. ರಾತ್ರಿ ಮಗುವನ್ನು ಠಾಣೆಯಲ್ಲಿ ಇಟ್ಟುಕೊಳ್ಳುವಂತಿಲ್ಲ. ಹೆಸರು, ವಿಳಾಸ, ಫೋಟೋ, ಶಾಲೆ, ನೆರೆಹೊರೆ ಹೀಗೆ ಗುರುತು ಸಿಗುವ ಯಾವುದನ್ನೂ ಮಾಧ್ಯಮ ಪ್ರಕಟಿಸುವಂತಿಲ್ಲ. ಎಲ್ಲ ಕಡೆ ಹೀಗೇ ನಡೆಯುತ್ತದೆ ಎಂದು ನಾನು ಹೇಳುವುದಿಲ್ಲ. ನಡೆಯದಿದ್ದಾಗ ಈ ಕಾಯ್ದೆ ತೋರಿಸಿ ಕೇಳುವ ಹಕ್ಕು ನಿಮಗಿದೆ.

ಇಷ್ಟು ಹೇಳಿ ನಿಲ್ಲಿಸಿದಾಗ ಪ್ರಶ್ನೆಗಳು ಬಂದವು.

ಹಿರಿಯರೊಬ್ಬರು ಎದ್ದು ನಿಂತು, "ನನಗೆ ಬೇರೆ ಖುಷಿ ಏನಿದೆ ತಾಯಿ? ಮೊಮ್ಮಗಳ ಫೋಟೋನೂ ಹಾಕಬಾರದಾ?" ಎಂದರು. ಅಜ್ಜ, ಹಾಕಿ. ಮನೆಯವರಷ್ಟೇ ಇರುವ ಗುಂಪಿಗೆ ಹಾಕಿ, ಹಾಕುವ ಮೊದಲು ಮೊಮ್ಮಗಳನ್ನು ಕೇಳಿ. ಸ್ನಾನದ ಫೋಟೋ, ಅಳುವ ಫೋಟೋ, ಆಸ್ಪತ್ರೆಯ ಫೋಟೋ ಅವಳು ಒಪ್ಪಿದರೂ ಬೇಡ. ಕೇಳಿದ್ದಕ್ಕೆ ಅವಳು ನಿಮ್ಮ ಮೇಲೆ ಇನ್ನೂ ಸ್ವಲ್ಪ ಜಾಸ್ತಿ ಪ್ರೀತಿ ಇಡುತ್ತಾಳೆ.

"ಕ್ಲಾಸಿನ ವಾಟ್ಸಾಪ್ ಗುಂಪಿನಲ್ಲಿ ಎಲ್ಲ ಮಕ್ಕಳ ನಂಬರೂ ಎಲ್ಲರಿಗೂ ಕಾಣುತ್ತಲ್ಲ?" ಎಂದು ತಂದೆಯೊಬ್ಬರು ಕೇಳಿದರು. ಒಳ್ಳೆಯ ಪ್ರಶ್ನೆ. ಗುಂಪಿನಲ್ಲಿ ಪೋಷಕರ ನಂಬರು ಮಾತ್ರ ಇರಲಿ, ಮಕ್ಕಳದ್ದು ಬೇಡ. ಮೆಸೇಜ್ ಹಾಕುವ ಅಧಿಕಾರ ಅಡ್ಮಿನ್‌ಗಷ್ಟೇ ಇರಲಿ. ಅಂಕಪಟ್ಟಿ, ಫೀಸು ಬಾಕಿ ಇರುವವರ ಹೆಸರು ಇಂಥದ್ದನ್ನು ಗುಂಪಿನಲ್ಲಿ ಹಾಕುವ ಶಾಲೆಗಳಿವೆ. ಹಾಗೆ ಹಾಕಿದರೆ ಸುಮ್ಮನಿರಬೇಡಿ.

ಕೊನೆಗೆ ಒಬ್ಬ ತಾಯಿ ಕೇಳಿದರು: "ಹಾಕಿಬಿಟ್ಟಿದ್ದೀವಲ್ಲ ಮೇಡಂ, ಹತ್ತು ವರ್ಷದ್ದು ಇದೆ. ಈಗೇನು ಮಾಡೋದು?" ಫೇಸ್‌ಬುಕ್‌ನಲ್ಲಿ ಹಿಂದೆ ಸಾರ್ವಜನಿಕವಾಗಿ ಹಾಕಿದ ಎಲ್ಲ ಪೋಸ್ಟುಗಳನ್ನೂ ಒಂದೇ ಸಲಕ್ಕೆ ಸ್ನೇಹಿತರಿಗೆ ಮಾತ್ರ ಕಾಣುವಂತೆ ಬದಲಿಸುವ ಸೌಲಭ್ಯ ಪ್ರೈವಸಿ ಸೆಟ್ಟಿಂಗ್ಸಿನಲ್ಲಿದೆ. ಮೊದಲು ಅದನ್ನು ಒತ್ತಿ. ಆಮೇಲೆ ಮಗಳ ಜೊತೆ ಕೂತು ಒಂದೊಂದೇ ನೋಡಿ, ಇಡಬೇಕಾದ್ದು ಯಾವುದು, ತೆಗೆಯಬೇಕಾದ್ದು ಯಾವುದು ಅವಳೇ ಹೇಳಲಿ. ಬೇರೆಯವರ ಪುಟದಲ್ಲಿರುವುದನ್ನು ತೆಗೆಯಿರಿ ಎಂದು ಅವರಿಗೆ ಬರೆಯಿರಿ, ಹೆಚ್ಚಿನವರು ತೆಗೆಯುತ್ತಾರೆ. ತೆಗೆಯದೆ ಹೋದರೆ, ಹದಿನೆಂಟು ತುಂಬದವರ ಚಿತ್ರವನ್ನು ಹುಡುಕಾಟದ ಫಲಿತಾಂಶದಿಂದ ತೆಗೆಯುವಂತೆ ಗೂಗಲ್‌ಗೆ ಕೇಳಿಕೊಳ್ಳಬಹುದು. 2021ರಿಂದ ಈ ವ್ಯವಸ್ಥೆಯಿದೆ. ಮಗಳೂ ಅರ್ಜಿ ಹಾಕಬಹುದು, ನೀವೂ ಹಾಕಬಹುದು. ಮೂಲ ಪುಟದಲ್ಲಿ ಚಿತ್ರ ಉಳಿಯುತ್ತದೆ, ಆದರೆ ಅವಳ ಹೆಸರು ಹಾಕಿ ಹುಡುಕಿದವರಿಗೆ ಗೂಗಲ್‌ನಲ್ಲಿ ಕಾಣುವುದಿಲ್ಲ. ಅರ್ಜಿಗೆ ಆ ಚಿತ್ರದ ಲಿಂಕ್ ಬೇಕಾಗುತ್ತದೆ. ಚಹಾ ಕುಡಿದ ಮೇಲೆ ಬನ್ನಿ, ಹೇಗೆ ತುಂಬುವುದೆಂದು ತೋರಿಸಿಕೊಡುತ್ತೇನೆ. ಮಗಳನ್ನೂ ಕರೆದುಕೊಂಡು ಬನ್ನಿ.